ಉಣ್ಣೆ ಕತ್ತರಿ, ಕೇಸ್ ಪೇಪರ್

ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಎಲುಬಿನ ವಿಭಾಗದಲ್ಲಿ ಎಂಎಸ್‌ಗೆ ಸೇರಿದ ಮೊದಲ ವರ್ಷ ನಾನು ಚೆನ್ನಾಗಿ ಕಲಿತದ್ದು ಬೈಯುವುದನ್ನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಯಾರ ಕೈಕಾಲು ಮುರಿದರೂ ನಮ್ಮ ಯೂನಿಟ್ಟಿಗೇ ಬರುತ್ತಿದ್ದರು. ನಾಟಿ ವೈದ್ಯರ ಹತ್ತಿರ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದಿದ್ದರೆ ಮೊದಲು ಬೈಗುಳ, ಆಮೇಲೆ ಎಕ್ಸರೇ. ಇಂಡಿ ಕಡೆಯವಳಾದ ನಾನು ಅವರ ಮಾತಿನಲ್ಲೇ ಬೈಯಬಲ್ಲೆ ಎಂದು ನಮ್ಮ ದೊಡ್ಡ ಡಾಕ್ಟರಿಗೆ ಮೆಚ್ಚುಗೆ. ನನಗೂ ಅದು ಹೆಮ್ಮೆಯೇ ಆಗಿತ್ತು, ನಾಚಿಕೆಗೇಡು.

ಸಾಲೋಟಗಿ ಕಡೆಯ ಕುರಿಗಾರ ಗಂಡ ಹೆಂಡತಿ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ರಸ್ತೆಗೆ ಇಳಿದ ಕುರಿಗಳನ್ನು ತಿರುಗಿಸಲು ಹೋದ ಹೆಂಗಸಿಗೆ ಬೈಕ್ ಬಡಿದಿತ್ತು. ಬಲ ಮುಂಗೈಯ ಎರಡೂ ಎಲುಬು ಮುರಿದಿದ್ದವು. ಯಾವ ನಾಟಿ ವೈದ್ಯನ ಹತ್ತಿರವೂ ಹೋಗದೆ ನೇರ ನಮ್ಮಲ್ಲಿಗೇ ಬಂದಿದ್ದರು. ಬೈಯಲು ಏನೂ ಸಿಗಲಿಲ್ಲ.

ಕೈ ಆಗಲೇ ಊದುತ್ತಿತ್ತು. ಊದುವ ಕೈಗೆ ಸುತ್ತಲೂ ಪ್ಲಾಸ್ಟರ್ ಹಾಕಬಾರದು. ಒಂದು ಬದಿಗೆ ಮಾತ್ರ ಹಾಕಿ, ಬಟ್ಟೆಯ ಪಟ್ಟಿ ಸುತ್ತಿ, ಎರಡು ದಿನ ಕಣ್ಣೆದುರು ಇಟ್ಟುಕೊಳ್ಳಬೇಕು. ಪುಸ್ತಕದಲ್ಲಿದೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ಆದರೆ ನಮ್ಮ ಯೂನಿಟ್ಟಿನ ಪದ್ಧತಿಯೇ ಬೇರೆ. ಬೆಡ್ ಖಾಲಿ ಇಲ್ಲ, ಹಳ್ಳಿಯವರು ಹೇಳಿದ ದಿನ ಬರುವುದಿಲ್ಲ, ಆದ್ದರಿಂದ ಪೂರ್ತಿ ಸುತ್ತಿ ಕಳಿಸು. ನಾನು ಸುತ್ತಿದೆ.

"ಬಾಳ ಬಿಗಿ ಆಗೇತ್ರಿ ಅಕ್ಕಾರ," ಅಂದಳು ಆಕೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಅಂದಳು. ನಾನು ಪಕ್ಕದಲ್ಲಿದ್ದ ನನ್ನ ಸೀನಿಯರ್ ಮುಖ ನೋಡಿದೆ.

"ಹಳ್ಳಿ ಮಂದಿ ಹಿಂಗ ಅಂತಾರ. ಗುಳಿಗಿ ಕೊಟ್ಟು ಕಳಸು," ಅಂದ ಅವನು. ಕಳಿಸಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಪ್ಲಾಸ್ಟರ್ ಉದ್ದಕ್ಕೂ ಸೀಳಿತ್ತು, ಮೇಲೆ ಹಳೆಯ ರುಮಾಲಿನ ತುಂಡು ಸುತ್ತಿತ್ತು. ಊರು ಮುಟ್ಟುವಷ್ಟರಲ್ಲಿ ಬೆರಳು ನೀಲಿಯಾಗಿ ತಣ್ಣಗಾಗಿದ್ದವಂತೆ. ಪ್ಲಾಸ್ಟರ್ ಇನ್ನೂ ಹಸಿ ಇತ್ತು. ಗಂಡ ನೀರು ಹನಿಸುತ್ತ, ಉಣ್ಣೆ ಕತ್ತರಿಸುವ ಕತ್ತರಿಯಿಂದಲೇ ಅದನ್ನು ಕೊಯ್ದಿದ್ದ.

"ಕುರಿ ಕಾಲ ಮುರದ್ರ ನಾವೂ ಕಟ್ಟತೇವ್ರಿ," ಅಂದ. "ಗೊರಸು ತಣ್ಣಗಾತಂದ್ರ ಕಟ್ಟು ಬಿಚ್ಚಬೇಕ್ರಿ. ಇಲ್ಲಂದ್ರ ಕಾಲ ಹೋಗತೈತಿ."

ಬೆರಳು ಮುಟ್ಟಿ ನೋಡಿದೆ. ಬೆಚ್ಚಗಿದ್ದವು. ಮಡಚು ಅಂದರೆ ನೋವಿನಲ್ಲೇ ಮಡಚಿದಳು. ಇನ್ನೊಂದಿಷ್ಟು ತಾಸು ಹಾಗೇ ಬಿಟ್ಟಿದ್ದರೆ ಆ ಕೈ ರೊಟ್ಟಿ ಮುರಿಯುವುದಕ್ಕೂ ಬರುತ್ತಿರಲಿಲ್ಲ. ಗೊತ್ತಿದ್ದೂ ನಾನು ಮಾಡದೆ ಬಿಟ್ಟದ್ದನ್ನು ಅವನು ಮಾಡಿದ್ದ.

ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಸೀಳಿದ ಪ್ಲಾಸ್ಟರ್ ನೋಡಿದ್ದೇ ತಡ, ಇಡೀ ವಾರ್ಡಿಗೆ ಕೇಳುವಂತೆ ಗುಡುಗಿದರು. "ಯಾರಪಾ ನಿನಗ ಕೊಯ್ಯಂತ ಹೇಳಿದ್ದು? ನೀ ಏನ್ ಡಾಕ್ಟರ್ ಏನು?"

"ತಪ್ಪಾತ್ರಿ ಸಾಹೇಬ್ರ," ಅಂದ ಗಂಡ, ತಲೆ ತಗ್ಗಿಸಿ.

ತಪ್ಪಂತೆ! ಹೆಂಡತಿಯ ಕೈ ಉಳಿಸಿಕೊಂಡವನು ತಪ್ಪು ಒಪ್ಪಿಕೊಳ್ಳಬೇಕು, ಕೈ ಕಳೆಯಲು ಹೊರಟಿದ್ದ ನಾವು ಬಿಳಿ ಕೋಟು ಹಾಕಿಕೊಂಡು ಸುತ್ತ ನಿಂತು ಕೇಳಬೇಕು. ಆದರೂ ನಾನು ಕೇಸ್ ಪೇಪರ್ ತೆರೆದು ನಿಂತೆ. ನನ್ನನ್ನು ಪರೀಕ್ಷೆಯಲ್ಲಿ ಪಾಸು ಮಾಡಬೇಕಾದವರು ಅವರೇ.

"ಕೇಸ್ ಪೇಪರಿನಾಗ ಬರಿ," ಅಂದರು ನನಗೆ. "ನಮ್ಮ ಮಾತು ಮೀರಿ ತಾವ ಪ್ಲಾಸ್ಟರ್ ತಗದಾರ ಅಂತ."

ನಾಳೆ ಆ ಬೆರಳು ಸೆಟೆದುಕೊಂಡರೆ ತಪ್ಪು ಯಾರದು ಎಂದು ಆ ಒಂದು ಸಾಲೇ ತೀರ್ಮಾನ ಮಾಡಿಬಿಡುತ್ತದೆ. ಆಕೆ ಎರಡು ಸಲ ಬಿಗಿ ಎಂದದ್ದು ಎಲ್ಲಿಯೂ ಇರುವುದಿಲ್ಲ. ಎಲ್ಲ ಗೊತ್ತಿದ್ದೇ ಬರೆದೆ, ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ. ಆಮೇಲೆ ಸರಿಯಾದ ಪಟ್ಟಿ ಕಟ್ಟಿ ಭರ್ತಿ ಮಾಡಿಕೊಂಡೆವು. ನಿನ್ನೆ ಇಲ್ಲದ ಬೆಡ್ ಅಂದು ಸಿಕ್ಕಿತು.

ದೊಡ್ಡ ಡಾಕ್ಟರು ಅತ್ತ ಹೋದ ಮೇಲೆ ಗಂಡ ಹತ್ತಿರ ಬಂದ. "ಏನ್ ಬರದೀರಿ ಅಕ್ಕಾರ? ನನಗ ಓದಾಕ ಬರೂದಿಲ್ಲ, ಓದಿ ಹೇಳ್ರಿ."

ನಾನು ಕಾಗದವನ್ನು ಎದುರಿಗೆ ಹಿಡಿದು, ಬೆರಳು ಇಟ್ಟು, ಅದರಲ್ಲಿ ಇಲ್ಲದ್ದನ್ನು ಓದಿದೆ. "ಪಟ್ಟಿ ಬಿಗಿ ಆಗಿತ್ತು. ಗಂಡ ಟೈಮಿಗೆ ಸರಿಯಾಗಿ ಕೊಯ್ದು ಕೈ ಉಳಿಸ್ಯಾನ."

ಅವನ ಮುಖ ಅರಳಿತು. "ಹಂಗ ಬರದೀರಿ? ಚಲೋ ಆತ್ರಿ. ಸಾಹೇಬ್ರು ಬೈದಿದ್ದಕ್ಕ ಅಂಜಿದ್ದೆ," ಎಂದು ಹೆಂಡತಿಯ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದ. ಆಕೆ ಎಡಗೈಯನ್ನು ಹಣೆಗೆ ಮುಟ್ಟಿಸಿ ನನಗೆ ನಮಸ್ಕಾರ ಮಾಡಿದಳು.

ನಾನು ಆ ಕಾಗದವನ್ನು, ಬರೆದದ್ದು ಬರೆದ ಹಾಗೆಯೇ, ಫೈಲಿಗೆ ಸೇರಿಸಿದೆ.