ಎರಡನೇ ಭಾಗದ ನಿಧಾನ

ದುಬೈನ ಅಲ್ ಕೂಜ್‌ನ ಆ ಗೋದಾಮಿನಲ್ಲಿ ಎಸಿ ಆರಿಸಿದವರು ನಾವೇ. ರೆಕಾರ್ಡಿಂಗ್‌ನಲ್ಲಿ ಅದರ ಗುಂಯ್ ಎನ್ನುವ ಸದ್ದು ಸೇರಬಾರದಿತ್ತು. ಲಾರಿಗಳ ಗಲಾಟೆ ಬೇಡವೆಂದು ಶಟರ್ ಕೂಡ ಎಳೆದಿದ್ದೆವು. ಹೊರಗೆ ಆಗಸ್ಟ್ ತಿಂಗಳ ಮಧ್ಯಾಹ್ನ.

ಊದ್ ಮೇಥಾದ ಚರ್ಚಿನಲ್ಲಿ ಪರಿಚಯವಾಗಿ ಕೂಡಿದ ತಂಡ ನಮ್ಮದು. ಹೆಚ್ಚಿನವರು ಮಂಗಳೂರಿನ ಕೊಂಕಣಿಗರು, ಚೆಲ್ಲೊ ನುಡಿಸುವ ನಾನೊಬ್ಬ ಧಾರವಾಡದವನು. ಮುನ್ನೂರು ವರ್ಷ ಹಳೆಯ ಬರೋಕ್ ಕಾನ್ಚೆರ್ಟೊ ಎಂಬ, ಮೂರು ಭಾಗಗಳ ಯುರೋಪಿಯನ್ ವಾದ್ಯಕೃತಿಯೊಂದನ್ನು ಅಂದಿನ ಪದ್ಧತಿಯಲ್ಲೇ ರೆಕಾರ್ಡ್ ಮಾಡಬೇಕೆಂಬುದು ತಂಡದ ಹಿರಿಯರ, ನಾವೆಲ್ಲ ಅಂಕಲ್ ಎನ್ನುವವರ, ಆಸೆ. ಆ ಪದ್ಧತಿಯಲ್ಲಿ ಮುಂದೆ ನಿಂತು ಕೈಬೀಸುವವರಿಲ್ಲ. ಮೊದಲ ಪಿಟೀಲಿನ ಕಮಾನು ನೋಡಿಕೊಂಡೇ ಎಲ್ಲರೂ ನಡೆಯಬೇಕು. ನಮ್ಮ ಮೊದಲ ಪಿಟೀಲು ಅಂಕಲ್ ಅವರೇ.

"ಶಟರ್ ಸ್ವಲ್ಪ ತೆಗೀಲೇನ್ರಿ ಅಂಕಲ್?" ಎಂದೆ.

"ಸುಮ್ಮನಿರಿ ಮಾರಾಯ್ರೆ. ನಿಮಗೆ ಧಾರವಾಡದವರಿಗೆ ಸೆಖೆ ಅಂದ್ರೆ ಎಂತ ಅಂತ ಗೊತ್ತಿಲ್ಲ. ಇದೊಂದು ಭಾಗ ಆದ್ರೆ ಖಲಾಸ್."

ಅವರ ಹೆಂಡತಿ ನರ್ಸ್, ವಿಯೋಲಾ ನುಡಿಸುತ್ತಾರೆ. "ಪಿಟೀಲಿನ ಬೆವರು ಒರೆಸ್ತಾರೆ, ತಾವು ನೀರು ಕುಡಿಯುದಿಲ್ಲ," ಎಂದರು ಆಂಟಿ.

ಕೊನೆಗೆ ಉಳಿಸಿಕೊಂಡಿದ್ದ ಎರಡನೇ ಭಾಗ ಶುರುವಾಯಿತು. ಅಭ್ಯಾಸದಲ್ಲಿ ಸದಾ ಓಡುವ ಅಂಕಲ್ ಅಂದು ನಿಧಾನ ಮಾಡಿದರು. ನಾವೂ ನಿಧಾನ ಮಾಡಿದೆವು. ಇನ್ನೂ ನಿಧಾನ. ಎಷ್ಟು ಚೆನ್ನಾಗಿತ್ತೆಂದರೆ, ನನ್ನ ಕಣ್ಣು ತುಂಬಿತ್ತು. ಅವರ ಹಣೆಯಲ್ಲಿ ಬೆವರೇ ಇಲ್ಲದಿರುವುದನ್ನು ನೋಡಿದ್ದೆ. ಹಾಗೆಂದರೆ ಏನೆಂದು ಹೊಳೆಯಲಿಲ್ಲ.

ಕಮಾನು ತಂತಿಯಿಂದ ಜಾರಿತು, ಅಂಕಲ್ ಕುರ್ಚಿಯಿಂದ ಜಾರಿದರು. ಆಂಟಿ ವಿಯೋಲಾವನ್ನು ನೆಲಕ್ಕೆ ಹಾಕಿ ಓಡಿದರು. ನಾನು ಶಟರ್ ಎತ್ತಿದೆ. ಒದ್ದೆ ಟವೆಲ್, ಆಂಬುಲೆನ್ಸ್, ಆಂಟಿ ಕೊಂಕಣಿಯಲ್ಲಿ ಅವರನ್ನು ಬೈಯುತ್ತಲೇ ಇದ್ದದ್ದು. ಸೆಖೆಗೆ ಬೆವರು ನಿಂತು ಬಿಪಿ ಇಳಿದಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್.

ಆ ಭಾಗವನ್ನು ಮನಸ್ಸಿನಲ್ಲಿ ನಾನು ಈಗಲೂ ನುಡಿಸುತ್ತೇನೆ. ಪ್ರತಿ ಸಲವೂ ನಾನು ನಿಧಾನ ಮಾಡದೆ ಮೊದಲಿನ ವೇಗದಲ್ಲೇ ಹೋಗುತ್ತೇನೆ, ಅವರು ಕನ್ನಡಕದ ಮೇಲಿಂದ ನನ್ನನ್ನು ಸಿಟ್ಟಿನಿಂದ ನೋಡುತ್ತಾರೆ.

ಆಸ್ಪತ್ರೆಯಿಂದ ಕರಾಮದ ಮನೆಗೆ ಮರಳಿದ ಅಂಕಲ್ ಗಂಜಿ ಉಣ್ಣುತ್ತ ರೆಕಾರ್ಡಿಂಗ್ ಕೇಳಿಸಿಕೊಂಡರು. "ನಾನು ಬೀಳುವವ ನಿಧಾನ ಮಾಡಿದೆ, ಸರಿ. ನಿಮಗೆಲ್ಲ ಎಂತ ಆಗಿತ್ತು?"

ಆಂಟಿ ಅವರ ಬಟ್ಟಲಿಗೆ ಇನ್ನಷ್ಟು ಗಂಜಿ ಬಡಿಸಿದರು.

ಈಗ ಅಭ್ಯಾಸದಲ್ಲಿ ಅವರು ಒಂದು ಸ್ವರವನ್ನು ಕೊಂಚ ಎಳೆದರೂ ನಾನು ನುಡಿಸುವುದನ್ನು ಬಿಟ್ಟು ಅವರ ಮುಖ ನೋಡುತ್ತೇನೆ.

"ಅದು ಭಾವ ಮಾರಾಯ್ರೆ, ಬಿಪಿ ಅಲ್ಲ," ಎನ್ನುತ್ತಾರೆ.

"ನಿಲ್ಲಿಸ್ಲಿ ಬಿಡಿ," ಎನ್ನುತ್ತಾರೆ ಆಂಟಿ. "ನಿಮಗೆ ಎಂತ ಅವಸರ?"