ವಾರ್ಡಿನಲ್ಲಿ ಚೌಕಾಸಿ

ಗುಳಿಗೆಯ ಶೀಟನ್ನು ಕತ್ತರಿಸುವ ಸದ್ದನ್ನು ನೀವು ಯಾವತ್ತಾದರೂ ಕಿವಿಗೊಟ್ಟು ಕೇಳಿದ್ದೀರಾ? ಸೀರೆ ಕತ್ತರಿಸುವ ಸದ್ದಿನ ಹಾಗೆ ಮೆತ್ತಗಿರುವುದಿಲ್ಲ, ಕರಕ್ ಅನ್ನುತ್ತದೆ. ನಿನ್ನೆ ಕೆ.ಬಿ. ಬಡಾವಣೆಯ ಔಷಧಿ ಅಂಗಡಿಯಲ್ಲಿ ಮಂಡಿನೋವಿನ ಮುಲಾಮಿಗೆಂದು ನಿಂತಿದ್ದೆ. ನನ್ನ ಮುಂದಿದ್ದವರೊಬ್ಬರು, "ಚೀಟ್ಯಾಗ ಬರ್ದಷ್ಟೂ ಬ್ಯಾಡ, ಸದ್ಯ ಎರಡು ದಿನದ್ದು ಕೊಡ್ರಿ. ಕಮ್ಮಿ ಆಗ್ಲಿಲ್ಲ ಅಂದ್ರ ಮತ್ತ ಬರ್ತೀನಿ" ಅಂದರು. ಅಂಗಡಿಯವನು ತಲೆ ಎತ್ತದೆ ಕರಕ್ ಅನ್ನಿಸಿದ. ನನಗೆ ಸುಮ್ಮನಿರಲು ಆಗಲಿಲ್ಲ.

"ಆಂಟಿಬಯೋಟಿಕ್ ಆಗಿದ್ರ ಪೂರ್ತಿ ತಗಳ್ರಿ. ಅದರಾಗ ಚೌಕಾಸಿ ಮಾಡಬ್ಯಾಡ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಡಾಕ್ಟ್ರಾ?"

"ಅಲ್ಲ. ಸೀರೆ ಅಂಗಡಿ."

ಸೀರೆ ಅಂಗಡಿಯವಳಿಗೆ ಈ ಉಸಾಬರಿ ಯಾಕೆ ಅಂತ ನೀವೂ ಕೇಳಬಹುದು. ಹೇಳುತ್ತೇನೆ.

ಗಂಟು ಬಗಲಲ್ಲಿಟ್ಟುಕೊಂಡು ದಾವಣಗೆರೆಯ ಓಣಿ ಓಣಿ ತಿರುಗಿ, ಆಮೇಲೆ ಸ್ವಂತ ಅಂಗಡಿ ಮಾಡಿದವಳು ನಾನು. ಕೊತ್ತಂಬರಿ ಕಟ್ಟಿನಿಂದ ಹಿಡಿದು ಮದುವೆಯ ಬ್ಯಾಂಡಿನವರೆಗೆ, ಎದುರಿನವರು ಹೇಳಿದ ಬೆಲೆಗೆ ಕೊಂಡದ್ದು ಒಂದೂ ನೆನಪಿಲ್ಲ. "ನಿನ್ನ ಕರ್ಕೊಂಡು ಹೋಗಾಕ ಬಂದ ಯಮ ಕೋಣ ಮಾರ್ಕೊಂಡು ವಾಪಸ್ ಹೋಗ್ತಾನ" ಎಂದು ನಮ್ಮ ಯಜಮಾನರು ಹೇಳುವುದುಂಟು. ವ್ಯಾಪಾರದ ಮಾತು ಬಂತಲ್ಲ, ನಿಮಗೂ ಒಂದು ಕಿವಿಮಾತು ಹೇಳಿಬಿಡುತ್ತೇನೆ. ನಿಮ್ಮ ಕೊನೆಯ ರೇಟನ್ನು ಮೊದಲೇ ಬಾಯಿಬಿಡಬೇಡಿ. ಅದು ಖರ್ಚಾದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹರಿಹರಕ್ಕೆ ಕೊಟ್ಟಿರುವ ನನ್ನ ತಂಗಿಯ ಮಗಳು ರೇಣುಕಾ ತನ್ನ ಮಗುವನ್ನು ದಾವಣಗೆರೆಯ ಮಕ್ಕಳ ಆಸ್ಪತ್ರೆಗೆ ಸೇರಿಸಿದ್ದಳು. ಪುಟ್ಟಿ ಇನ್ನೂ ಶಾಲೆಯ ಮುಖ ನೋಡಿರಲಿಲ್ಲ. ಮೂತ್ರದ ಸೋಂಕು ಮೂತ್ರಪಿಂಡಕ್ಕೇರಿ, ಜ್ವರ ಇಳಿಯುತ್ತಿರಲಿಲ್ಲ. ನಾನು ಒಂದು ಕೈಯಲ್ಲಿ ಗಂಜಿಯ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಎಂದಿನ ಧೈರ್ಯ ಹಿಡಿದುಕೊಂಡು ವಾರ್ಡಿಗೆ ಹೋದೆ. ಡಾಕ್ಟರಮ್ಮ ನಮ್ಮ ಅಂಗಡಿಯ ಹುಡುಗಿಯರಿಗಿಂತ ಸ್ವಲ್ಪವೇ ದೊಡ್ಡವರು. ಹೆದರಿಸಿ ಕೆಲಸ ಮಾಡಿಸಿಕೊಳ್ಳಬಹುದು ಅಂದುಕೊಂಡೆ.

"ಡಾಕ್ಟ್ರೇ, ಕೆಳಗಿನ ಮಾಲು ತೋರ್ಸಿ ಟೈಮ್ ಕಳೀಬ್ಯಾಡ್ರಿ. ನಿಮ್ಮ ಹತ್ರ ಇರೋದ್ರಾಗ ಹೆಚ್ಚಿನ ಪವರ್‌ದು ಯಾವುದೈತೋ ಅದನ್ನ ಹಾಕಿಬಿಡ್ರಿ."

"ಪವರ್ ಮಾತಲ್ಲಮ್ಮ. ಈ ಕ್ರಿಮಿಗೆ ಯಾವ ಔಷಧ ನಾಟುತ್ತೆ ಅನ್ನೋದು ಗೊತ್ತಾಗಬೇಕು. ಕೊನೇದಕ್ಕೆ ಅಂತ ಇಟ್ಕೊಂಡಿರೋದನ್ನ ಎಲ್ಲರಿಗೂ ಮೊದಲೇ ಹಾಕ್ತಾ ಹೋದ್ರೆ ಕ್ರಿಮಿ ಅದಕ್ಕೂ ಪಳಗಿಬಿಡುತ್ತೆ. ಆಮೇಲೆ ಬರೋ ಮಗುವಿಗೆ ಏನು ಕೊಡ್ಲಿ?"

ನನ್ನ ಕಸುಬಿನ ಮಾತನ್ನೇ ನನಗೆ ತಿರುಗಿಸಿ ಹೇಳಿದ ಹಾಗಿತ್ತು.

"ಕಲ್ಚರ್‌ಗೆ ಕಳಿಸಿದ್ದೀವಿ. ರಿಪೋರ್ಟ್ ಬರಲಿ" ಅಂದರು.

ಮಂಚದ ಪಕ್ಕ ಕೂತಿದ್ದ ರೇಣುಕಾಳ ಅತ್ತೆ ಗಂಗಮ್ಮನವರಿಗೆ ಸಿಟ್ಟು ಬಂತು. "ನಮ್ಮ ಕಲ್ಚರ್‌ಗೆ ಏನಾಗೈತೆ? ಹರಿಹರದಾಗ ಯಾರನ್ನ ಬೇಕಾದ್ರೂ ಕೇಳ್ರಿ, ನಮ್ಮ ಮನಿತನ ಎಂಥದ್ದು ಅಂತ!"

ಡಾಕ್ಟರಮ್ಮ ನಕ್ಕು ಸ್ಟೂಲಿನ ಮೇಲೆ ಕೂತರು. "ಅಜ್ಜಿ, ನೀವು ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಂಗೆ ಮಗುವಿನ ಮೂತ್ರದಲ್ಲಿರೋ ಕ್ರಿಮೀನ ಲ್ಯಾಬಲ್ಲಿ ಬೆಳೆಸ್ತಾರೆ. ಬೆಳೆದ ಮೇಲೆ ಒಂದೊಂದು ಔಷಧ ಇಟ್ಟು, ಯಾವುದಕ್ಕೆ ಸಾಯುತ್ತೆ, ಯಾವುದಕ್ಕೆ ಜಗ್ಗಲ್ಲ ಅಂತ ನೋಡ್ತಾರೆ. ಅದೇ ಕಲ್ಚರ್."

ಗಂಗಮ್ಮನವರಿಗೆ ಅರ್ಥವಾಗಿಬಿಟ್ಟಿತು. ಅಲ್ಲಿಂದ ಮುಂದೆ ನಾನು ನರ್ಸಮ್ಮನನ್ನು ರಿಪೋರ್ಟ್ ಬಂತಾ ಅಂತ ಕೇಳಿದಾಗಲೆಲ್ಲ, "ಹೆಪ್ಪು ಹಾಕ್ಯಾರ, ಸುಮ್ಕ ಕೂಡ್ರಿ ಬೀಗ್ತ್ಯಾರ. ಪಾತ್ರಿ ಅಲುಗಾಡಿಸಬ್ಯಾಡ್ರಿ" ಎಂದು ನನ್ನನ್ನೇ ಗದರಿಸುತ್ತಿದ್ದರು. ಪುಟ್ಟಿ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿರುತ್ತಿದ್ದಳು. ಆ ಪುಟ್ಟ ಮುಷ್ಟಿಯ ಬಿಸಿ ನನ್ನ ಕೈಗೂ ತಾಗುತ್ತಿತ್ತು. ಎದ್ದು ಹೋಗಬೇಕಾದರೂ ಬಿಡಿಸಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ನಗಲಿಲ್ಲ. ನಾವು ಹೆಸರು ಕೇಳಿದ ಸಿರಪ್ಪುಗಳು ಯಾವುವೂ ನಾಟುವುದಿಲ್ಲ, ಆಗಲೇ ಹಾಕುತ್ತಿದ್ದ ಇಂಜೆಕ್ಷನ್ನೂ ನಾಟುವುದಿಲ್ಲ. ಉಳಿದದ್ದು ಎರಡೇ. ಅದರಲ್ಲೊಂದು ಮೂತ್ರಪಿಂಡಕ್ಕೇ ಭಾರ. ಇನ್ನೊಂದನ್ನು ಮಗುವನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನರಕ್ಕೆ ಕೊಡಬೇಕು.

"ಇದೂ ನಾಟದಿದ್ರ?" ಎಂದಳು ರೇಣುಕಾ.

"ನಾಟುತ್ತೆ ಅಂತ ರಿಪೋರ್ಟ್ ಇದೆ" ಅಂದರು ಡಾಕ್ಟರಮ್ಮ. ಆದರೆ ಅಷ್ಟನ್ನು ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆ ಹೊತ್ತು ನನಗೆ ಇವತ್ತಿಗೂ ಮರೆತಿಲ್ಲ.

ಭಯ ಬಂದಾಗ ಮನುಷ್ಯರಿಗೆ ಬೈಯಲು ಯಾರಾದರೂ ಬೇಕು. ಗಂಗಮ್ಮನವರು ಸೊಸೆಯ ಕಡೆ ತಿರುಗಿದರು. "ಹಿಂದಿನ ಸಲ ಜ್ವರ ಬಿಡ್ತು ಅಂತ ಬಾಟ್ಲಿ ಅರ್ಧಕ್ಕ ಎತ್ತಿಟ್ಟಾಕಿ ನೀನ ಅಲ್ಲೇನು?" ರೇಣುಕಾ ಅಳತೊಡಗಿದಳು.

"ಅಜ್ಜಿ, ಅದರಿಂದಲೇ ಅಂತ ಯಾರೂ ಹೇಳೋಕಾಗಲ್ಲ" ಅಂದರು ಡಾಕ್ಟರಮ್ಮ. "ಒಂದು ಹನಿ ಔಷಧ ಕುಡಿಯದ ಹಸುಗೂಸಿಗೂ ಇಂಥ ಕ್ರಿಮಿ ಅಂಟಿದ್ದನ್ನ ನೋಡಿದ್ದೀನಿ. ಯಾರ್ಯಾರೋ ಬೇಡದ್ದಕ್ಕೆ ನುಂಗಿದ್ದು, ಅರ್ಧಕ್ಕೆ ಬಿಟ್ಟಿದ್ದು, ಎಲ್ಲ ಸೇರಿ ಇದಾಗಿರೋದು. ಒಬ್ಬ ತಾಯಿ ತಲೆ ಮೇಲೆ ಹಾಕಬೇಡಿ."

ಗಂಗಮ್ಮನವರು ತಮ್ಮ ಸೆರಗಿನಿಂದ ಸೊಸೆಯ ಮುಖ ಒರೆಸಿ, "ಉಂಡಿಯೇನು?" ಎಂದು ಕೇಳಿದರು.

ಹೊಸ ಇಂಜೆಕ್ಷನ್ ಶುರುವಾದ ಮೇಲೂ ಜ್ವರ ತಕ್ಷಣ ಬಿಡಲಿಲ್ಲ. ಹಟ ಹಿಡಿದ ಗಿರಾಕಿಯಂತೆ ಹೋಗುವುದು, ಮತ್ತೆ ಬಂದು ನಿಲ್ಲುವುದು. ಒಂದು ಬೆಳಿಗ್ಗೆ ಪುಟ್ಟಿ ಕಣ್ಣು ಬಿಟ್ಟು, "ಮಂಡಕ್ಕಿ ಬೇಕು. ಮೆಣಸಿನಕಾಯಿ ಬ್ಯಾಡ" ಅಂದಳು. ನಾವು ಮೂವರೂ ಹೆಂಗಸರು ನಗುತ್ತಾ ಅತ್ತೆವೋ ಅಳುತ್ತಾ ನಕ್ಕೆವೋ ಹೇಳಲಾರೆ.

ಮಗು ಮಂಚದ ಮೇಲೆ ಕುಣಿಯತೊಡಗಿದ್ದೇ ನನ್ನ ಹಳೆಯ ಚಾಳಿ ಎದ್ದಿತು. ರೌಂಡ್ಸಿಗೆ ಬಂದ ಡಾಕ್ಟರಮ್ಮನಿಗೆ, "ಕೂಸು ಚೆನ್ನಾಗೈತೆ. ಉಳಿದ ಇಂಜೆಕ್ಷನ್‌ನಾಗ ಒಂದೆರಡು ಬಿಟ್ಟುಕೊಡ್ರಿ. ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ" ಅಂದೆ. ಎಷ್ಟು ಸೀರೆಗಳನ್ನು ಆ ಮಾತಿನಿಂದ ಮಾರಿದ್ದೇನೋ!

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ರೇಣುಕಾ ಎದ್ದು ನಿಂತಳು. ನನ್ನೆದುರು ಯಾವತ್ತೂ ದನಿ ಎತ್ತಿದ ಹುಡುಗಿಯಲ್ಲ.

"ದೊಡ್ಡಮ್ಮ, ಇದು ಸೀರೆ ಅಲ್ಲ. ಡಾಕ್ಟ್ರು ಸಾಕು ಅನ್ನೋತನಕ ಒಂದೂ ಬಿಡಾಕಿಲ್ಲ. ನಿಮಗ ಬ್ಯಾಸರ ಆಗಿದ್ರ ಮನಿಗೆ ಹೋಗ್ರಿ."

ಪಕ್ಕದ ಮಂಚಗಳವರೆಲ್ಲ ತಿರುಗಿ ನೋಡಿದರು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಒಂದು ಮಾತು ಹೇಳಿ ಅದರ ಮೇಲೆ ಗಟ್ಟಿಯಾಗಿ ನಿಲ್ಲುವುದನ್ನು ನಮ್ಮ ಅಂಗಡಿಯ ಹುಡುಗಿಯರಿಗೆ ವರ್ಷಗಟ್ಟಲೆ ಕಲಿಸಿ ಸೋತಿದ್ದೇನೆ. ಇವಳು ಯಾರೂ ಕಲಿಸದೆ ಕಲಿತಿದ್ದಳು. ಸುಮ್ಮನೆ ಕೂತು ಪುಟ್ಟಿಗೆ ಮಂಡಕ್ಕಿ ತಿನ್ನಿಸಿದೆ. ಕೋರ್ಸ್ ಮುಗಿದು, ಮತ್ತೊಮ್ಮೆ ಮೂತ್ರ ಪರೀಕ್ಷೆಯಾಗಿ, ಎಲ್ಲ ಸರಿಯಿದೆ ಅನ್ನಿಸಿಕೊಂಡ ಮೇಲೆಯೇ ಅವರು ಹರಿಹರದ ಬಸ್ಸು ಹತ್ತಿದ್ದು.

ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ. ರಜೆಗೆ ನಮ್ಮ ಮನೆಗೆ ಬಂದಿದ್ದಾಳೆ. ಇವತ್ತು ಬೆಳಿಗ್ಗೆ ಮೂಗು ಸೋರಿಸಿಕೊಂಡು, ಮೈ ಬೆಚ್ಚಗೆ ಮಾಡಿಕೊಂಡು ಎದ್ದಳು. ಆಟೋದಲ್ಲಿ ಕೂರಿಸಿಕೊಂಡು ಅದೇ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಗಂಟಲು ನೋಡಿ, ಎದೆ ನೋಡಿ, ಮೂತ್ರವನ್ನೂ ಪರೀಕ್ಷೆ ಮಾಡಿಸಿ, "ಬರೀ ನೆಗಡಿ. ಆಂಟಿಬಯೋಟಿಕ್ ಬೇಕಿಲ್ಲ. ಜ್ವರದ ಸಿರಪ್ ಮನೆಯಲ್ಲಿರೋದೇ ಸಾಕು. ಜಾಸ್ತಿ ಆದ್ರೆ ಮಾತ್ರ ಕರ್ಕೊಂಡು ಬನ್ನಿ" ಅಂದರು. ಮೊದಲಾಗಿದ್ದರೆ ಏನಾದರೂ ಬರೆಸಿಕೊಳ್ಳದೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಇವತ್ತು ಕೈಮುಗಿದು ಎದ್ದುಬಂದೆ.

ವಾಪಸ್ಸು ಬರುವಾಗ ಆಟೋದಲ್ಲಿ ಪುಟ್ಟಿಗೆ ಅನುಮಾನ. "ದೊಡ್ಡಜ್ಜಿ, ಡಾಕ್ಟ್ರು ನನಗ ಏನೂ ಕೊಡ್ಲಿಲ್ಲ?"

"ಇಲ್ಲವ್ವ."

"ಯಾಕ?"

"ನಿನಗ ನಿಜವಾಗ್ಲೂ ಬೇಕಾದಾಗ ಇರ್ಲಿ ಅಂತ ಎತ್ತಿಟ್ಟಾರ."

ಅವಳು ಸ್ವಲ್ಪ ಯೋಚನೆ ಮಾಡಿದಳು. ವ್ಯವಹಾರ ಸರಿ ಅನ್ನಿಸಿರಬೇಕು. ನನ್ನ ಹೊಸ ಸೀರೆಗೆ ಮೂಗು ಒರೆಸಿ, ಒರಗಿ ಕೂತಳು.