ಅತಿಥಿಗಳಿಗೆಂದು ಕಾದಿಟ್ಟ ಡಿ ಡ್ರೈವ್

ಯಾವುದು ತುಂಬಿದೆ, ಯಾವುದು ಖಾಲಿ ಎಂಬುದು ನನಗೆ ಬೇಗ ಹೊಳೆಯುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಇದ್ದ ಖಾಲಿ ಸೀಟು ಕಾಣದೆ ಕೊನೆಯ ಸ್ಟಾಪು ಸ್ವಾರಗೇಟಿನವರೆಗೂ ನಿಂತೇ ಹೋದವನು ನಾನು. ಇಂಥವನಿಗೆ ಆಫೀಸಿನವರು ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಪುಣೆಯಲ್ಲಿ ಗುರುವಾರ ಬಂತೆಂದರೆ ಕರೆಂಟು ಹೋಗುತ್ತಿದ್ದ ಕಾಲ ಅದು.

ಬಳಸಿದರೆ ಬ್ಯಾಟರಿ ಸವೆಯುತ್ತದೆಂದು ಯಾರೋ ಹೇಳಿದ್ದರು. ಅದನ್ನು ಬಿಚ್ಚಿ ಕಪಾಟಿನಲ್ಲಿ, ಹೆಂಡತಿಯ ಇಳಕಲ್ ಸೀರೆಯ ಮಡಿಕೆಯೊಳಗೆ ಇಟ್ಟೆ; ಯಂತ್ರ ನೇರ ಕರೆಂಟಿನ ಮೇಲೇ ನಡೆಯುತ್ತಿತ್ತು. ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಹೊರತೆಗೆದು ಕುಂಕುಮ ಹಚ್ಚಿದ್ದುಂಟು.

ಹೆಂಡತಿ ಶಾಂತಾ ಆ ಲ್ಯಾಪ್‌ಟಾಪಿನಲ್ಲಿ ತನ್ನ ತಾಯಿಯ ಬೀಸುವ ಪದಗಳನ್ನು ದಿನಕ್ಕೊಂದರಂತೆ ರೆಕಾರ್ಡ್ ಮಾಡುತ್ತಿದ್ದಳು. ವಿಜಾಪುರದಿಂದ ಬಂದಿದ್ದ ಅತ್ತೆ ಶುಕ್ರವಾರ ಊರಿಗೆ ಹೊರಡುವವರಿದ್ದರು. ಬುಧವಾರ ಯಂತ್ರ, ಸಿ ಡ್ರೈವಿನಲ್ಲಿ ಜಾಗವಿಲ್ಲ, ಏನಾದರೂ ಅಳಿಸು ಎಂದಿತು. ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳದೆ ಎಂಟು ದೊಡ್ಡ ಫೈಲುಗಳನ್ನು ಅಳಿಸಿ, ಆ ಜಾಗಕ್ಕೆ ಕನ್ನಡ ಸಂಘದ ಫೋಟೊಗಳನ್ನು ತುಂಬಿದೆ. ಆ ಎಂಟೂ ಅತ್ತೆಯ ಹಾಡುಗಳೆಂದು ಸಂಜೆ ಗೊತ್ತಾಯಿತು. ಶಾಂತಾ ಬೈಯದೆ ತಾಯಿಯ ಚೀಲ ತುಂಬತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ರಿಪೇರಿಯ ಪಾಟೀಲರನ್ನು ಸದಾಶಿವ ಪೇಠದ ನಮ್ಮ ಮನೆಗೇ ಕರೆತಂದೆ. ಕರೆಂಟಿಲ್ಲ. ಸೀರೆಯೊಳಗಿನ ಬ್ಯಾಟರಿ ಹಾಕಿದರೆ ದೀಪ ಮಿಣುಕಲೂ ಇಲ್ಲ.

"ಬಳಸಿದ್ರ ಸವೀತದ, ಖರೇರಿ. ಖಾಲಿ ಮಾಡಿ ವರ್ಷಗಟ್ಟಲೆ ಇಟ್ರ ಸತ್ತ ಹೋಗ್ತದ," ಎಂದು ಪಾಟೀಲರು ತಮ್ಮದೊಂದು ಬ್ಯಾಟರಿ ಹಾಕಿ, ಅಳಿಸಿದ್ದನ್ನು ಹುಡುಕಿದರು. ಹಾಡುಗಳ ಹೆಸರು ಸಿಕ್ಕವು, ದನಿ ಸಿಗಲಿಲ್ಲ; ಅದರ ಜಾಗದಲ್ಲಿ ಸಂಘದ ಫೋಟೊಗಳು ಕೂತಿದ್ದವು.

"ಡಿ ಡ್ರೈವ್ ಪೂರಾ ಖಾಲಿ ಅದಲ್ರಿ. ಇದನ್ಯಾಕ ಹಂಗ ಇಟ್ಟೀರಿ?"

"ಯಾರರ ಬಂದ್ರ ಬೇಕಾಗ್ತದಂತ ಮುಟ್ಟಿಲ್ರಿ," ಎಂದೆ.

ನಗಬೇಡಿ. ನಾನು ಬೆಳೆದ ಮನೆಯಲ್ಲಿ ಪಡಸಾಲೆಯನ್ನು ಬರುವವರಿಗೆಂದು ಗುಡಿಸಿಟ್ಟು, ಏಳು ಜನ ಅಡುಗೆಮನೆಯಲ್ಲೇ ಮಲಗುತ್ತಿದ್ದೆವು. ಬರುವವರು ಯಾರೆಂದು ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯದು.

ಶಾಂತಾಳ ಕಣ್ಣು ತುಂಬಿತ್ತು. ಅತ್ತೆ ಮಾತ್ರ ಬೀಸುಕಲ್ಲಿನ ಮುಂದೆ ಕೂತವರಂತೆ ಕಾಲು ಚಾಚಿ, ಲ್ಯಾಪ್‌ಟಾಪಿನತ್ತ ಕೈ ತೋರಿದರು. "ಅಳಬ್ಯಾಡ ಮಗಳ, ಆ ಡಬ್ಬಿ ಹಚ್ಚು. ಮತ್ತ ಹಾಡ್ತೀನಿ."

ಹಾಡಿದರು, ಆದರೆ ಅವೇ ಹಾಡುಗಳಲ್ಲ. ಸಾಲುಗಳು ಅದಲುಬದಲಾಗಿದ್ದವು, ಕೆಲವು ಬರಲೇ ಇಲ್ಲ. ಕಳೆದದ್ದು ಕಳೆದೇ ಹೋಯಿತೆಂದುಕೊಳ್ಳುತ್ತಿದ್ದಾಗ, ಹಿಂದೆಂದೂ ಕೇಳದ ಸಾಲೊಂದು ಬಂತು:

"ಹಾಡ ನುಂಗಿದ ಡಬ್ಬಿ ಕಾಯ್ತಾನ ಅಳಿಯಪ್ಪ
ಜಾಣ ಅನ್ನಲೊ ನಾ ಕೋಣ ಅನ್ನಲೊ"

ಶಾಂತಾ ಕಣ್ಣೊರೆಸಿಕೊಂಡು ನಕ್ಕಳು. ಆ ಹಾಡನ್ನು ಡಿ ಡ್ರೈವಿನಲ್ಲಿ ತಾನೇ ಇಟ್ಟಳು. ಆಗಾಗ ಹಚ್ಚಿ ಕೇಳುತ್ತೇನೆ. ಅತ್ತೆ ಎರಡರಲ್ಲಿ ಯಾವುದನ್ನು ಒಪ್ಪಿದರೆಂದು ಇನ್ನೂ ತಿಳಿದಿಲ್ಲ. ಕೇಳಲು ಧೈರ್ಯವೂ ಇಲ್ಲ.